ನಡುಚೀಲದ ತೀರ್ಪುಗಾರ

ಆದೋನಿಯ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ವ್ಯಾಪಾರಿ ಮರಿಬಸಪ್ಪನವರ ಹೆಬ್ಬೆರಳಿಗೆ ಸಿಗುತ್ತಿದ್ದ ಮರ್ಯಾದೆ ಅವರ ತಲೆಗೆ ಎಂದೂ ಸಿಕ್ಕಿರಲಿಲ್ಲ. ಸಿಗಬೇಕಾದ ಕಾರಣವೂ ಇರಲಿಲ್ಲವೆನ್ನಿ. ರೈತನೊಬ್ಬ ಚೀಲ ಇಳಿಸಿದನೆಂದರೆ ಮರಿಬಸಪ್ಪನವರು ಅಂಗಿಯ ತೋಳು ಮಡಚಿ, ಮೊಳಕೈ ತನಕ ಕೈ ಇಳಿಸಿ, ಸರಿಯಾಗಿ ನಡುವಿನಿಂದ ಒಂದು ಹಿಡಿ ಹತ್ತಿ ಕೀಳುತ್ತಿದ್ದರು. ಎಳೆಯನ್ನು ಹೆಬ್ಬೆರಳಿನಿಂದ ಜಗ್ಗಿ, ಬೆಳಕಿಗೆ ಹಿಡಿದು, "ಎಳಿ ಐತಿ" ಎಂದೋ "ಎಳಿ ಇಲ್ಲ" ಎಂದೋ ಹೇಳುತ್ತಿದ್ದರು. ಅಲ್ಲಿಗೆ ಆ ಚೀಲದ ಹಣೆಬರಹ ಮುಗಿಯಿತು. ಕಿತ್ತ ಹಿಡಿ ಮಾತ್ರ ಚೀಲಕ್ಕೆ ವಾಪಸು ಹೋಗುತ್ತಿರಲಿಲ್ಲ. ಅವರ ಹೆಗಲ ಮೇಲಿನ ವಲ್ಲಿಯ ಗಂಟಿಗೆ ಹೋಗುತ್ತಿತ್ತು. ಅದು ಅವರಪ್ಪನ ಕಾಲದಿಂದ ಬಂದ ಪದ್ಧತಿ. ಒಂದು ಹಿಡಿಗಾಗಿ ಸಾವುಕಾರರನ್ನು ಯಾರು ಕೇಳುತ್ತಾರೆ? ಸಂಜೆಯ ಹೊತ್ತಿಗೆ ಗಂಟು ತುಂಬು ಬಸುರಿಯಂತೆ ಊದಿಕೊಂಡು ಮನೆಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಅದನ್ನು ಅವರ ಹೆಂಡತಿ ಪಂಪಮ್ಮ ನೋಡಿಕೊಳ್ಳುತ್ತಿದ್ದರು.

ಇಷ್ಟರಲ್ಲಿ ತೃಪ್ತರಾಗಿದ್ದರೆ ಮರಿಬಸಪ್ಪನವರು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಅವರಿಗೆ ಊರಿನ ಕನ್ನಡ ಸಂಘದ ಅಧ್ಯಕ್ಷರಾಗುವ ಆಸೆ ಹತ್ತಿತು. ಇಪ್ಪತ್ತು ವರ್ಷಗಳಿಂದ ಸಂಘದ ಸಭೆಗಳಿಗೆ ಕುರ್ಚಿ, ಶಾಮಿಯಾನ, ಚಹಾ ಎಲ್ಲ ಅವರದೇ. ಆದರೂ ವೇದಿಕೆಯ ಮೇಲೆ ಕೂರುತ್ತಿದ್ದವರು ಬೇರೆಯವರು. ಇವರು ಕೆಳಗೆ ಮೊದಲ ಸಾಲಿನಲ್ಲಿ, ತಮ್ಮದೇ ಕುರ್ಚಿಯಲ್ಲಿ. ಈ ಸಲ ಹಳೆಯ ಅಧ್ಯಕ್ಷರು ಬಿಡುತ್ತಾರೆಂದು ಸುದ್ದಿಯಾದಾಗ ಮರಿಬಸಪ್ಪನವರು ತಮ್ಮ ಹೆಸರನ್ನು ತಾವೇ ತೇಲಿಬಿಟ್ಟರು. ಅದು ತೇಲುತ್ತ ಹೋಗಿ ನಿವೃತ್ತ ಪೋಸ್ಟ್‌ಮಾಸ್ತರ್ ವಾಗೀಶ್ ಅವರ ಕಿವಿಗೆ ಬಿತ್ತು. ವಾಗೀಶರು ಎರಡು ಸಲ ಪತ್ರಿಕೆಯ ವಾಚಕರ ವಾಣಿಯಲ್ಲಿ ಅಚ್ಚಾದವರು. ಆ ಬಲದ ಮೇಲೆ ಅವರಿಗೂ ಅದೇ ಕುರ್ಚಿಯ ಮೇಲೆ ಕಣ್ಣಿತ್ತು.

"ಕುರ್ಚಿ ಕೊಡಾವ್ರು ಬ್ಯಾರೆ, ಕುಂದ್ರಾವ್ರು ಬ್ಯಾರೆ," ಎಂದು ವಾಗೀಶರು ಚಹಾದ ಅಂಗಡಿಯಲ್ಲಿ, ಮರಿಬಸಪ್ಪನವರೇ ಕಾಸು ಕೊಟ್ಟ ಚಹಾ ಕುಡಿಯುತ್ತ ಹೇಳಿದರು.

ಈ ಮಾತು ಮರಿಬಸಪ್ಪನವರ ಹೊಟ್ಟೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮರುದಿನವೇ ಅವರು ಕನ್ನಡ ಮಾಧ್ಯಮ ಶಾಲೆಯ ಹೆಡ್‌ಮಾಸ್ತರ್ ಆಂಜನೇಯ ಅವರ ಮುಂದೆ ಹೋಗಿ ಕೂತರು. ಸಂಘದ ವಾರ್ಷಿಕ ಸಭೆಗೆ ಮುಂಚೆ ಶಾಲೆಯ ಮಕ್ಕಳಿಗೆ ಕಥೆ ಬರೆಯುವ ಸ್ಪರ್ಧೆ ಇರುತ್ತಿತ್ತು, ಸಭೆಯ ದಿನ ಬಹುಮಾನ. ಪ್ರತಿವರ್ಷ ಬಳ್ಳಾರಿಯಿಂದ ಬರುತ್ತಿದ್ದ ತೀರ್ಪುಗಾರರಿಗೆ ಈ ಸಲ ಕಣ್ಣಿನ ಪೊರೆ ತೆಗೆದಿದ್ದರು. ಆ ಸ್ಥಾನ ತಮಗೆ ಬೇಕೆಂದು ಮರಿಬಸಪ್ಪನವರು ಕೇಳಿದರು. ಹೆಡ್‌ಮಾಸ್ತರರು ಒಳ್ಳೆಯವರು, ಶಾಲೆಯ ಫ್ಯಾನುಗಳೆಲ್ಲ ಮರಿಬಸಪ್ಪನವರ ದಾನ. ಅವರು ಸೂರಿನ ಕಡೆ, ತಿರುಗುತ್ತಿದ್ದ ಫ್ಯಾನಿನ ಕಡೆ ಒಮ್ಮೆ ನೋಡಿ ಒಪ್ಪಿಕೊಂಡರು. ಒಪ್ಪಿಕೊಂಡು, ಆರು ಅಂಕಣಗಳಿದ್ದ ಅಂಕಪಟ್ಟಿಯನ್ನು ಕೈಗಿಟ್ಟರು: ಕಥಾವಸ್ತು, ಪಾತ್ರ, ಹಿನ್ನೆಲೆ, ಸಂಘರ್ಷ, ಪರಾಕಾಷ್ಠೆ, ಅಂತ್ಯ.

ಮರಿಬಸಪ್ಪನವರ ಮಗಳು ಭುವನಾ ಬಿ.ಎಡ್. ಓದುತ್ತಿದ್ದಳು. ಅಪ್ಪ ಪಟ್ಟಿಯನ್ನು ಅವಳ ಮುಂದೆ ಹರಡಿದರು. ಅವಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಕಥೆ ಯಾವುದರ ಬಗ್ಗೆ ಇದೆಯೋ ಅದು ಕಥಾವಸ್ತು. ಯಾರ ಬಗ್ಗೆ ಇದೆಯೋ ಅವರು ಪಾತ್ರಗಳು. ಎಲ್ಲಿ, ಯಾವಾಗ ನಡೆಯಿತು ಎಂಬುದು ಹಿನ್ನೆಲೆ. ಒಬ್ಬನಿಗೆ ಬೇಕಾದದ್ದಕ್ಕೆ ಇನ್ನೊಬ್ಬ ಅಡ್ಡ ಬಂದರೆ ಸಂಘರ್ಷ. ಅದು ಏರುತ್ತ ಹೋಗಿ ಇನ್ನು ತಡೆಯಲಾಗದು ಎನ್ನುವ ಹಂತಕ್ಕೆ ಬಂದರೆ ಪರಾಕಾಷ್ಠೆ. ಮರಿಬಸಪ್ಪನವರು ಇದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕಿದರು. ಆ ಗಳಿಗೆಯಿಂದ ಊರಿಗೆ ನೆಮ್ಮದಿ ಇಲ್ಲವಾಯಿತು.

ಮೊದಲ ಪೆಟ್ಟು ತಿಂದವನು ಚಿಪ್ಪಗಿರಿ ಕಡೆಯ ರೈತ ಯಂಕಣ್ಣ. ಅವನು ಶೇರ್ ಆಟೋದ ನೆತ್ತಿಯ ಮೇಲೆ ನಾಲ್ಕು ಚೀಲ ಹತ್ತಿ ಹಾಕಿಕೊಂಡು ಬಂದಿದ್ದ. ಬಿಡಿಸುವ ಹೊತ್ತಿಗೆ ಮಳೆ ಬಂದದ್ದು, ಕೂಲಿಯಾಳು ಸಿಗದೆ ಮಗಳು ಶಾಲೆ ತಪ್ಪಿಸಿ ಬಿಡಿಸಿದ್ದು, ದಾರಿಯಲ್ಲಿ ಆಟೋ ಕೆಟ್ಟದ್ದು ಎಲ್ಲ ಹೇಳಿ, ಸ್ವಲ್ಪ ನೋಡಿ ರೇಟು ಹಾಕಬೇಕೆಂದು ಕೈ ಮುಗಿದ. ಮರಿಬಸಪ್ಪನವರು ಕಣ್ಣು ಮುಚ್ಚಿ ಕೇಳಿದರು.

"ಇದೆಲ್ಲ ಹಿನ್ನೆಲೆ ಆತು, ಯಂಕಣ್ಣ. ಸಂಘರ್ಷ ಎಲ್ಲೈತಿ?"

ಯಂಕಣ್ಣ ಗುಮಾಸ್ತ ಸುಂಕೇಶನ ಮುಖ ನೋಡಿದ. ಸುಂಕೇಶ ಛಾವಣಿ ನೋಡಿದ. ಆಧಾರ್ ಆಯಿತು, ಪಾಸ್‌ಬುಕ್ ಆಯಿತು, ಬೆಳೆ ನಮೂದಿಸಿದ ಕಾಗದವೂ ಆಯಿತು, ಈಗ ಸರ್ಕಾರ ಇನ್ನೊಂದನ್ನು ಹಚ್ಚಿದೆ ಎಂದುಕೊಂಡು ಯಂಕಣ್ಣ ನಿಟ್ಟುಸಿರು ಬಿಟ್ಟ.

"ಮನ್ಯಾಗ ಐತೋ ಏನೋ ಕೇಳತೀನ್ರಿ. ಇದ್ರ ಜೆರಾಕ್ಸ್ ತಂದು ಕೊಡತೀನಿ."

ಆಗಲೆಂದು ಮರಿಬಸಪ್ಪನವರು ನಡುಚೀಲಕ್ಕೆ ಕೈ ಇಳಿಸಿ, ನಾಲ್ಕು ಚೀಲಕ್ಕೆ ನಾಲ್ಕು ಹಿಡಿ ಕಿತ್ತು, ಎಳೆ ಇಲ್ಲವೆಂದರು. ಹಿಡಿಗಳು ಗಂಟಿಗೆ ಹೋದವು. ಅಂದು ಯಾರ್ಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಮೂರು ಜನ ರೈತರು ಸಂಘರ್ಷಕ್ಕೆ ಯಾವ ಆಫೀಸಿಗೆ ಹೋಗಬೇಕೆಂದು ವಿಚಾರಿಸಿದರಂತೆ. "ಸಾವ್ಕಾರ್ರಿಗೆ ಏನೋ ಆಗೈತಿ," ಎಂದು ಸುಂಕೇಶ ಹಮಾಲರಿಗೆ ಹೇಳಿದ. ಏನಾಗಿದೆ ಎಂದು ತಿಳಿದುಕೊಳ್ಳುವಷ್ಟು ಸಂಬಳ ಅವನಿಗೆ ಇರಲಿಲ್ಲ.

ಎರಡನೆಯ ಪೆಟ್ಟು ಮಾತ್ರ ತಿರುಗಿ ಬಂತು. ಪಕ್ಕದ ಮನೆಯ ಗಾದಿಲಿಂಗಮ್ಮನ ಬಾಗಿಲ ಮುಂದೆ ಮರಿಬಸಪ್ಪನವರ ಬಚ್ಚಲ ನೀರು ಹರಿದು ನಿಲ್ಲುತ್ತಿತ್ತು. ಆರು ತಿಂಗಳಿಂದ ಅವಳು ಹೇಳುತ್ತಲೇ ಇದ್ದಳು. ಆ ದಿನ ಬಂದು ಮತ್ತೊಮ್ಮೆ ಹೇಳಿದಾಗ ಮರಿಬಸಪ್ಪನವರು ಕಟ್ಟೆಯ ಮೇಲೆ ಚೀಟಿ ಹಿಡಿದು ಕೂತಿದ್ದರು. ಅವಳ ದೂರಿನಲ್ಲಿ ಕಥಾವಸ್ತು ಗಟ್ಟಿಯಾಗಿದೆ, ಸಂಘರ್ಷವೂ ಉಂಟು, ಆದರೆ ಆರು ತಿಂಗಳಾದರೂ ಪರಾಕಾಷ್ಠೆ ಬಂದಿಲ್ಲ, ಹಾಗಾಗಿ ಅಂಕ ಕೊಡಲಾಗದು ಎಂದರು. ಹಾಗೆಂದರೇನು ಎಂದು ಅವಳು ಕೇಳಿದಳು. ಇವರು ಸಂತೋಷದಿಂದ ವಿವರಿಸಿದರು. ಗಾದಿಲಿಂಗಮ್ಮ ತಲೆಯಾಡಿಸಿ ಹೋದಳು, ಒಂದು ಬಕೆಟ್ ಅದೇ ಬಚ್ಚಲ ನೀರು ತುಂಬಿಕೊಂಡು ಬಂದಳು, ಕಟ್ಟೆಯ ಮೇಲೆ, ಅಂದರೆ ಹೆಚ್ಚು ಕಡಿಮೆ ಮರಿಬಸಪ್ಪನವರ ಮೇಲೆ, ಸುರಿದಳು.

"ಬಂತೇನ್ರಿ ಈಗ?"

ಹಣೆಯ ವಿಭೂತಿ ಮೂಗಿಗೆ ಇಳಿದಿದ್ದರೂ ಮರಿಬಸಪ್ಪನವರು ಅವಳ ಮೇಲೆ ಸಿಟ್ಟಾಗಲಿಲ್ಲ. ತಾವು ಕಲಿಸಿದ್ದು ಇಷ್ಟು ಬೇಗ ಒಬ್ಬರಿಗೆ ಅರ್ಥವಾಯಿತಲ್ಲ ಎಂದು ಪಂಪಮ್ಮನ ಮುಂದೆ ಹೇಳಿಕೊಂಡರು. ಮೂರ್ಖತನಕ್ಕೆ ನೀರು ಹಾಕಿದರೆ ಅದು ಇನ್ನಷ್ಟು ಚಿಗುರುತ್ತದೆ ಎಂಬುದು ಗಾದಿಲಿಂಗಮ್ಮನಿಗೆ ಗೊತ್ತಿರಲಿಲ್ಲ.

ಕೊನೆಗೆ ಕಥೆಗಳು ಬಂದವು. ನಲವತ್ತಮೂರು. ಮರಿಬಸಪ್ಪನವರು ಭಾನುವಾರ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಅಂಗಿಯ ತೋಳು ಮಡಚಿ ಕೂತರು. ಮೊದಲ ಕಥೆಯನ್ನು ಕೈಗೆತ್ತಿಕೊಂಡು, ಹಾಳೆಗಳ ದಪ್ಪವನ್ನು ಹೆಬ್ಬೆರಳಿನಲ್ಲಿ ಅಳೆದು, ಸರಿಯಾಗಿ ನಡುವಿನ ಪುಟ ತೆರೆದು, ಅದರ ನಡುವಿನ ನಾಲ್ಕು ಸಾಲು ಓದಿದರು. ಹಾಳೆಯನ್ನು ಬೆಳಕಿಗೆ ಹಿಡಿದರು. ಅಂಕ ಹಾಕಿದರು. ಎರಡನೆಯದನ್ನು ಎತ್ತಿಕೊಂಡರು. ಒಂದು ಕಥೆಯ ನಡುವಿನಲ್ಲಿ ತಾಯಿಯೊಬ್ಬಳು ಅಳುತ್ತಿದ್ದಳು. ಅದಕ್ಕೆ "ತೇವ ಹೆಚ್ಚು" ಎಂದು ಬರೆದು ಹತ್ತು ಅಂಕ ಕಡಿದರು. ಇನ್ನೊಂದರ ನಡುವಿನಲ್ಲಿ ಬೆಟ್ಟ, ಮೋಡ, ಹಕ್ಕಿಗಳ ವರ್ಣನೆ ಇತ್ತು. ಅದಕ್ಕೆ "ಕಸ ಬಹಳ" ಎಂದು ಬರೆದರು.

ಭುವನಾ ಕಾಫಿ ತಂದವಳು ನೋಡಿ ಗಾಬರಿಯಾದಳು. ಮೊದಲಿನಿಂದ ಓದಬೇಕು, ಅಂತ್ಯಕ್ಕೂ ಅಂಕಗಳಿವೆ, ಪಾಪ ಮಕ್ಕಳು ಕೂತು ಬರೆದಿದ್ದಾರೆ ಎಂದಳು.

"ಚೀಲದ ಮ್ಯಾಲ ಚೊಲೊ ಹತ್ತಿ ಇಟ್ಟು ಕಣ್ಣಿಗೆ ಮಣ್ಣು ಹಾಕತಾರವಾ. ತಳಕ್ಕ ಏನಿರತೈತಿ, ಇದ್ದಬದ್ದ ಕಸ. ನಡುಕ ಕೈ ಹಾಕಿದ್ರ ಖರೇದು ಸಿಗತೈತಿ. ಮೂವತ್ತು ವರ್ಷ ಆತು, ಒಂದು ದಿನಾ ತಪ್ಪಿಲ್ಲ," ಎಂದರು ಅಪ್ಪ.

ಮೂವತ್ತೊಂದನೆಯ ಕಥೆಯ ನಡುವಿನಲ್ಲಿ ಅವರ ಕೈ ನಿಂತಿತು. ಅಲ್ಲಿ ಹೀಗಿತ್ತು: 'ಸಾವುಕಾರ ಚೀಲದೊಳಗೆ ಕೈ ಇಳಿಸಿದ. ಸುತ್ತ ನಿಂತವರೆಲ್ಲ ಉಸಿರು ಹಿಡಿದರು. ಅವನು ಎಳೆಯನ್ನು ಬೆಳಕಿಗೆ ಹಿಡಿದ. ಅವನ ಬಾಯಿಂದ ಬೀಳುವ ಒಂದು ಮಾತಿಗಾಗಿ ಒಂದು ವರ್ಷದ ಬದುಕು ಕಾದು ನಿಂತಿತ್ತು.'

ಮರಿಬಸಪ್ಪನವರ ಎದೆ ತುಂಬಿ ಬಂತು. ಸಾಹಿತ್ಯವೆಂದರೆ ಇದು. ಕಥೆಗೆ ಇಂಥ ನಾಯಕನಿದ್ದಾನೆಂದ ಮೇಲೆ ಮೊದಲೇನು, ಕೊನೆಯೇನು, ಎಲ್ಲವೂ ಉತ್ತಮವಾಗಿಯೇ ಇರಬೇಕು. ಅವರು ನೂರಕ್ಕೆ ನೂರು ಕೊಟ್ಟರು. ಉಳಿದವಕ್ಕೆ ಒಂದು ಗೆರೆ ಬರೆದಿದ್ದವರು ಇದಕ್ಕೆ ಆರೂ ಅಂಕಣ ತುಂಬಿಸಿದರು. ಅಷ್ಟರಿಂದ ತೃಪ್ತಿಯಾಗದೆ, ಅಂಗಡಿಯಿಂದ ರಬ್ಬರ್ ಮೊಹರು ತರಿಸಿ, ರುಜುವಿನ ಪಕ್ಕ ಒತ್ತಿದರು. ಮೊಹರಿನಲ್ಲಿ 'ಮಾಲು ಪರೀಕ್ಷಿಸಲಾಗಿದೆ' ಎಂದಿತ್ತು.

ಸಭೆಯ ದಿನ ಮರಿಬಸಪ್ಪನವರು ವೇದಿಕೆಯ ಮೇಲೆ ಕೂತರು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ತಮ್ಮ ಕುರ್ಚಿಗಳು ಮೇಲಿನಿಂದ ಹೇಗೆ ಕಾಣುತ್ತವೆಂದು ನೋಡಿದರು. ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯ ಪಂಪಮ್ಮ, ಪಕ್ಕದಲ್ಲಿ ಭುವನಾ. ಎರಡನೆಯ ಸಾಲಿನಲ್ಲಿ ವಾಗೀಶರು, ಮುಖದ ಮೇಲೆ ಅಂಚೆ ತಲುಪದವರ ದುಃಖ. ಹಿಂದೆ ಊರಿನವರು, ಹಳ್ಳಿಗಳಿಂದ ಬಂದ ತಂದೆತಾಯಂದಿರು. ಬಹುಮಾನ ಮುಗಿದ ಕೂಡಲೇ ಅಧ್ಯಕ್ಷರ ಆಯ್ಕೆ. ಹೆಸರು ಕರೆದು ಚಪ್ಪಾಳೆ ತಟ್ಟಿಸುವುದಷ್ಟೇ ಚುನಾವಣೆ.

ಮೊದಲ ಬಹುಮಾನದ ಕಥೆಯನ್ನು ಬರೆದವರೇ ಓದುವುದು ಸಂಪ್ರದಾಯ. ಹೆಡ್‌ಮಾಸ್ತರರು ಕರೆದರು. ಒಂಬತ್ತನೇ ತರಗತಿಯ ಲಾವಣ್ಯ ಎದ್ದು ಬಂದಳು. ಯಂಕಣ್ಣನ ಮಗಳು. ಮೈಕಿಗೆ ಮುಖ ಎಟುಕದೆ ಕತ್ತು ಎತ್ತಿ, ಒಂದೇ ಸಮನೆ, ಪಾಠ ಒಪ್ಪಿಸುವಂತೆ ಓದತೊಡಗಿದಳು.

ಕಥೆಯ ಮೊದಲ ವಾಕ್ಯ ಹೀಗಿತ್ತು: 'ಒಂದು ಊರಿನಲ್ಲಿ ಒಬ್ಬ ಸಾವುಕಾರ ಇದ್ದ. ಅವನಿಗೆ ಹತ್ತಿಯ ಹೊಲ ಇರಲಿಲ್ಲ, ಆದರೆ ಏಳು ಗಾದಿ ಇದ್ದವು.'

ಮರಿಬಸಪ್ಪನವರ ಮುಖದ ನಗೆ ಇದ್ದಲ್ಲೇ ಇತ್ತು, ಒಳಗಿನವರು ಹೊರಟು ಹೋದರೂ ಉರಿಯುವ ದೀಪದಂತೆ. ಕಥೆ ಮುಂದೆ ಹೋಯಿತು. ಸಾವುಕಾರ ದಿನಾ ಎಲ್ಲರ ಚೀಲಕ್ಕೂ ಕೈ ಇಳಿಸುತ್ತಾನೆ, ಒಂದೊಂದು ಹಿಡಿ ಕೀಳುತ್ತಾನೆ, ಎಳೆ ಇಲ್ಲ ಎನ್ನುತ್ತಾನೆ, ಎಳೆ ಇಲ್ಲದ ಆ ಹಿಡಿಯನ್ನು ಜೋಪಾನವಾಗಿ ಮನೆಗೆ ಒಯ್ಯುತ್ತಾನೆ. ಒಂದು ಹಿಡಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಹಿಡಿಗೆ ಹಿಡಿ ಸೇರಿ ಗಾದಿಯಾಗುತ್ತದೆ. ಹತ್ತಿ ಬೆಳೆದವಳು ಮಾತ್ರ ಚಾಪೆಯ ಮೇಲೆ ಮಲಗುತ್ತಾಳೆ. ನಡುವಿನಲ್ಲಿ ಮರಿಬಸಪ್ಪನವರು ಓದಿದ್ದ ಆ ನಾಲ್ಕು ಸಾಲು ಬಂದವು. ಈಗ ಅವು ಬೇರೆಯೇ ಥರ ಕೇಳಿಸಿದವು. ಕೊನೆಗೆ ಒಬ್ಬ ಮುದುಕಿ ಬರುತ್ತಾಳೆ. ಸಾವುಕಾರ ಹತ್ತಿ ಕಿತ್ತು ನೋಡಿದ ಮೇಲೆ ಅವಳು ಚೀಲದ ಬಾಯಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿಯುತ್ತಾಳೆ. 'ನೋಡಿದ್ದು ಆಯಿತಲ್ಲ ಸಾವುಕಾರರೆ, ಇಲ್ಲೇ ಹಾಕಿ' ಎನ್ನುತ್ತಾಳೆ. ಸಾವುಕಾರ ಹಾಕುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು.

ಯಾರೂ ಚಪ್ಪಾಳೆ ತಟ್ಟುವ ಮೊದಲೇ ಪಂಪಮ್ಮ ಬಾಯಿ ತೆರೆದರು. ಅವರು ಕಥೆಯನ್ನು ಬಹಳ ಮನಸ್ಸಿಟ್ಟು ಕೇಳಿದ್ದರು. ಗಾದಿಗಳೆಂದರೆ ಅವರಿಗೆ ಹೆಮ್ಮೆ. ಬಂದ ಬೀಗರಿಗೆಲ್ಲ ಎತ್ತಿ ತೋರಿಸದೆ ಕಳಿಸಿದವರಲ್ಲ. ಹುಡುಗಿ ಪಾಪ ತಪ್ಪು ಓದಿಬಿಟ್ಟಳಲ್ಲ ಎಂಬ ಕಳಕಳಿಯಿಂದ ಮೃದುವಾಗಿ ತಿದ್ದಿದರು.

"ಏಳಲ್ಲವಾ, ಒಂಬತ್ತು. ಅಟ್ಟದ ಮ್ಯಾಲಿನ ಎರಡು ಬಿಟ್ಟೀ ನೀ."

ಭುವನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಿಂದಿನ ಸಾಲುಗಳಲ್ಲಿ ಕೆಮ್ಮು ಶುರುವಾಯಿತು. ನಗುವನ್ನು ಸಾವುಕಾರರ ಮುಂದೆ ನಮ್ಮ ಜನ ಹಾಗೆಯೇ ನಗುವುದು. ಹೆಡ್‌ಮಾಸ್ತರರಿಗೆ ಶಾಲೆಯ ಫ್ಯಾನುಗಳು ಕಣ್ಣ ಮುಂದೆ ಬಂದವು. ಸಭೆಯ ಗಮನ ಬೇರೆಡೆಗೆ ಎಳೆಯಲು ಅವರು ಕೈಗೆ ಸಿಕ್ಕ ಕಾಗದ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದರು. ಅದು ತೀರ್ಪುಗಾರರ ಅಭಿಪ್ರಾಯದ ಕಾಗದವಾಗಿತ್ತು.

'ಪಾತ್ರ: ಇಂಥ ಮಹನೀಯರು ನಮ್ಮ ಊರಿನಲ್ಲೇ ಇದ್ದಾರೆ. ನಾನು ಹತ್ತಿರದಿಂದ ಬಲ್ಲೆ. ಇದು ಕಲ್ಪನೆಯಲ್ಲ, ಸತ್ಯ ಎಂದು ದೃಢೀಕರಿಸುತ್ತೇನೆ. ಹಿನ್ನೆಲೆ: ಕಣ್ಣಾರೆ ಕಂಡದ್ದು. ಅಂತ್ಯ: ಉತ್ತಮವಾಗಿದೆ, ನ್ಯಾಯವಾಗಿದೆ. ಮಾರುಕಟ್ಟೆಯಲ್ಲಿರುವವರೆಲ್ಲ ಇದನ್ನು ಪಾಲಿಸತಕ್ಕದ್ದು. ಮರಿಬಸಪ್ಪ. ಮಾಲು ಪರೀಕ್ಷಿಸಲಾಗಿದೆ.'

ವಾಗೀಶರು ನಿಧಾನವಾಗಿ ಎದ್ದು ನಿಂತರು. ಮೂವತ್ತೈದು ವರ್ಷ ಇನ್ನೊಬ್ಬರ ಕಾಗದಗಳಿಗೆ ಮುದ್ರೆ ಒತ್ತಿದವರು. ಮುದ್ರೆಯ ಬೆಲೆ ಅವರಿಗೆ ಗೊತ್ತಿತ್ತು.

"ತೀರ್ಪುಗಾರರಿಗೆ ಒಂದು ವಿನಂತಿ ಐತ್ರಿ. ಈ ಕಥಿ ಪೂರಾ ಓದಿ ಬಹುಮಾನ ಕೊಟ್ಟೀರೋ, ಓದದ ಕೊಟ್ಟೀರೋ?"

ಬಾಳಿನಲ್ಲಿ ಮೊದಲ ಸಲ ಮರಿಬಸಪ್ಪನವರಿಗೆ ಸಂಘರ್ಷವೆಂದರೇನು ಎಂದು ಚೀಟಿ ನೋಡದೆ ತಿಳಿಯಿತು. ಓದಿಲ್ಲ ಎಂದರೆ ನಲವತ್ತಮೂರು ಮಕ್ಕಳ ತಂದೆತಾಯಂದಿರು ಅಲ್ಲೇ ಕೂತಿದ್ದರು. ತೀರ್ಪೂ ಹೋಯಿತು, ಅಧ್ಯಕ್ಷಗಿರಿಯೂ ಹೋಯಿತು. ಓದಿದ್ದೇನೆ ಎಂದರೆ ಒಂಬತ್ತು ಗಾದಿಯನ್ನೂ ತಲೆಯ ಮೇಲೆ ಹೊತ್ತುಕೊಂಡಂತೆ. ಅವರು ಸಭೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ತಾವು ಕೂತ ಕುರ್ಚಿಯ ಕೈಯನ್ನು ನೋಡಿದರು. ಅದು ಬಹಳ ನುಣುಪಾಗಿತ್ತು.

"ಅಕ್ಷರಕ್ಷರ ಓದೀನಿ. ಓದೇ ಕೊಟ್ಟೀನಿ."

ವಾಗೀಶರು ಮೆಲ್ಲಗೆ ಕೂತರು. ಅವರು ಇನ್ನೊಂದು ಉತ್ತರಕ್ಕೆ ಕಾದು ನಿಂತಿದ್ದವರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ನಂತರ ಎಲ್ಲರೂ ಹೊಡೆದರು. ತನ್ನ ತಪ್ಪನ್ನು ತಾನೇ ಓದಿ, ತಾನೇ ಮೆಚ್ಚಿ, ತಾನೇ ಮೊದಲ ಬಹುಮಾನ ಕೊಟ್ಟ ಇಂಥ ದೊಡ್ಡ ಮನಸ್ಸಿನವರನ್ನು ಬಿಟ್ಟು ಅಧ್ಯಕ್ಷರನ್ನಾಗಿ ಇನ್ನಾರನ್ನು ಮಾಡುವುದು ಎಂದು ಹೆಡ್‌ಮಾಸ್ತರರು ಗಂಟಲು ತುಂಬಿ ಕೇಳಿದರು. ಅವರ ಗಂಟಲು ನಿಜವಾಗಿಯೂ ತುಂಬಿತ್ತು, ಫ್ಯಾನುಗಳು ಉಳಿದಿದ್ದವು. ಅದೇ ಚಪ್ಪಾಳೆಯಲ್ಲಿ ಆಯ್ಕೆಯೂ ಮುಗಿಯಿತು. ಮರಿಬಸಪ್ಪನವರು ಕೈ ಮುಗಿದರು. ತಾವು ಗೆದ್ದೆವೋ ಸೋತೆವೋ ಎಂದು ಅವರಿಗೆ ಹೊಳೆಯಲಿಲ್ಲ. ಅಷ್ಟು ಬುದ್ಧಿ ಇದ್ದಿದ್ದರೆ ಇಲ್ಲಿಯ ತನಕ ಬರುತ್ತಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಅಧ್ಯಕ್ಷರು ಯಾರ್ಡಿಗೆ ಬಂದರು. ಹೆಗಲ ಮೇಲೆ ಹೊಸ ವಲ್ಲಿ. ಮೊದಲ ಚೀಲಕ್ಕೆ ಕೈ ಇಳಿಸಿ, ನಡುವಿನಿಂದ ಒಂದು ಹಿಡಿ ಕಿತ್ತು, ಎಳೆ ಜಗ್ಗಿದರು. ಎಳೆ ಇತ್ತು. ಹಿಡಿಯನ್ನು ಗಂಟಿಗೆ ಹಾಕಲು ಕೈ ಎತ್ತಿದಾಗ, ರೈತ ಎರಡೂ ಕೈಯಿಂದ ಚೀಲದ ಬಾಯಿಯನ್ನು ಅಗಲಿಸಿ ಹಿಡಿದು ನಿಂತಿದ್ದುದು ಕಾಣಿಸಿತು. ಯಂಕಣ್ಣ. ಅವನ ಹಿಂದಿನವನೂ ಚೀಲದ ಬಾಯಿ ಬಿಚ್ಚಿಕೊಂಡಿದ್ದ. ಅವನ ಹಿಂದಿನವಳೂ. ಯಾರ್ಡಿನ ಗೇಟಿನ ತನಕ ಚೀಲಗಳು ಬಾಯಿ ತೆರೆದುಕೊಂಡು ಸಾಲಾಗಿ ನಿಂತಿದ್ದವು. ಯಾರೂ ಜೋರು ಮಾಡಲಿಲ್ಲ, ಯಾರೂ ನಗಲಿಲ್ಲ.

ಮರಿಬಸಪ್ಪನವರು ಪದ್ಧತಿ ಎಂಬ ಪದ ಹೇಳಲು ಬಾಯಿ ತೆರೆದರು. ಯಂಕಣ್ಣ ಒಂದು ಕೈಯಲ್ಲಿ ಚೀಲ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಅಂಗಿಯ ಜೇಬಿನಲ್ಲಿದ್ದ ಮಡಚಿದ ಕಾಗದ ತೆಗೆದು, ಮರ್ಯಾದೆಯಿಂದ ಮುಂದೆ ಚಾಚಿದ. ಮೇಲೆ ಲಾವಣ್ಯಳ ಕಥೆ, ಅದಕ್ಕೆ ಪಿನ್ ಹಾಕಿದ ತೀರ್ಪಿನ ಕೆಳಗೆ ಅವರದೇ ರುಜು, ಪಕ್ಕದಲ್ಲಿ ಅವರದೇ ಮೊಹರು.

"ಅವತ್ತು ಸಂಘರ್ಷ ಕೇಳಿದ್ರಲ್ರಿ ಸಾವ್ಕಾರ್ರೆ. ಮನ್ಯಾಗ ಮಗಳನ್ನ ಕೇಳಿದೆ, ಐತಿ ಅಂತ ಆಕಿನ ಬರದು ಕೊಟ್ಟಳು. ಜೆರಾಕ್ಸ್ ತಂದೀನಿ. ಎಲ್ಲಾರೂ ತಂದಾರ."

ಮರಿಬಸಪ್ಪನವರು ಕಾಗದವನ್ನು ತೆಗೆದುಕೊಂಡರು. ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಿದರು. ನಂತರ ಕೈಯಲ್ಲಿದ್ದ ಹಿಡಿ ಹತ್ತಿಯನ್ನು ಯಂಕಣ್ಣನ ಚೀಲಕ್ಕೆ ಹಾಕಿ, ಮುಂದಿನ ಚೀಲಕ್ಕೆ ಹೋದರು.